ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಮೀನುಗಾರಿಕೆ: ಮೀನುಗಾರರು, ಮೀನು ಕೃಷಿಕರು ಹಾಗೂ ವಿಸ್ತರಣಾ ಕಾರ್ಯಕರ್ತರು ಅರಿತಿರಬೇಕಾದ ಅಂಶಗಳು

ಪೀಠಿಕೆ

ಬಲೆಯು ಪ್ರಭೇದವನ್ನು ಗುರುತಿಸುವುದಿಲ್ಲ. ಬಂಗುಡೆ, ಅಂಜಲ್, ಸಿಗಡಿಗಳಿಗಾಗಿ ಬೀಸಿದ ಬಲೆಯಲ್ಲಿ ಕಡಲಾಮೆಯೂ ಸಿಲುಕಬಹುದು, ಗರಗಸ ಮೀನೂ ಸಿಲುಕಬಹುದು. ಆದರೆ ಕಾನೂನು ಪ್ರಭೇದವನ್ನು ಗುರುತಿಸುತ್ತದೆ. ಅಳಿವಿನಂಚಿನ ಜೀವಿಗಳಿಗೆ ರಕ್ಷಣೆ ನೀಡುವ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972 ಕಾಡಿಗೆ ಮಾತ್ರ ಸೀಮಿತವಾದುದೆಂಬ ಭಾವನೆ ನಮ್ಮ ಬಂದರುಗಳಲ್ಲಿ ಇಂದಿಗೂ ಇದೆ. ವಾಸ್ತವದಲ್ಲಿ ಈ ಕಾಯ್ದೆ ಕಡಲು, ಅಳಿವೆ, ನದಿ, ಕೆರೆಗಳಲ್ಲಿರುವ ಜೀವಿಗಳಿಗೂ ಅನ್ವಯಿಸುತ್ತದೆ. ಇದನ್ನು ಅರಿಯದೆ ದಡಕ್ಕೆ ತಂದ ಒಂದೇ ಒಂದು ಜೀವಿಯಿಂದ ದೋಣಿ ಜಪ್ತಿಯಾಗಬಹುದು, ತಾಂಡೇಲರು ಹಾಗೂ ಮಾಲೀಕರ ಮೇಲೆ ಮೊಕದ್ದಮೆ ದಾಖಲಾಗಬಹುದು.

ಈ ಕಾಯ್ದೆ ಮೀನುಗಾರಿಕೆಯ ನಿರ್ವಹಣೆಯನ್ನು ಹೇಗೆ ಪ್ರಭಾವಿಸುತ್ತದೆ, ರಕ್ಷಿತ ಜೀವಿ ಬಲೆಯಲ್ಲಿ ಸಿಕ್ಕಾಗ ನೀವು ಏನು ಮಾಡಬೇಕು, ಪ್ರಭೇದವಾರು ದಾಖಲೆ ಇಡುವುದು ಮೀನುಗಾರರ ಹಿತಕ್ಕೆ ಏಕೆ ಅಗತ್ಯ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಎರಡು ಕಾನೂನುಗಳು, ಎರಡು ದೃಷ್ಟಿಗಳು

ಕರ್ನಾಟಕದ ಕರಾವಳಿಯಲ್ಲಿ ಮೀನುಗಾರಿಕೆಯನ್ನು ನಿಯಂತ್ರಿಸುವುದು ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986. ಇದರ ಹೊಣೆ ಮೀನುಗಾರಿಕೆ ಇಲಾಖೆಯದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮುಂಗಾರು ನಿಷೇಧ, ದೋಣಿಗಳ ಪರವಾನಗಿ, ಬಲೆಗಳ ಮೇಲಿನ ನಿರ್ಬಂಧ ಇವೆಲ್ಲವೂ ಈ ವ್ಯವಸ್ಥೆಗೆ ಸೇರಿವೆ. ಇದರ ಗುರಿ ಮೀನಿನ ಸಂಪತ್ತು ಬತ್ತದಂತೆ ನೋಡಿಕೊಳ್ಳುವುದು. ಎಷ್ಟು ಹಿಡಿಯಬಹುದು, ಯಾವಾಗ ಹಿಡಿಯಬಹುದು, ಯಾವ ಗಾತ್ರದ್ದನ್ನು ಹಿಡಿಯಬಹುದು ಎಂಬುದೇ ಇದರ ಪ್ರಶ್ನೆ.

ವನ್ಯಜೀವಿ ಕಾಯ್ದೆಯ ದೃಷ್ಟಿ ಬೇರೆ. ಅದರ ಜಾರಿಯ ಹೊಣೆ ಮುಖ್ಯವಾಗಿ ಅರಣ್ಯ ಇಲಾಖೆಯದು. ಅನುಸೂಚಿಯಲ್ಲಿ ಹೆಸರಿರುವ ಜೀವಿಯನ್ನು ಹಿಡಿಯಲೇಬಾರದು ಎಂಬುದು ಅದರ ಮೂಲ ನಿಯಮ. ಅಲ್ಲಿ ಋತುವಿನ ವಿನಾಯಿತಿ ಇಲ್ಲ, ಗಾತ್ರದ ವಿನಾಯಿತಿ ಇಲ್ಲ, ಪರವಾನಗಿ ಇರುವ ದೋಣಿ ಎಂಬ ವಿನಾಯಿತಿಯೂ ಇಲ್ಲ.

ಈ ವ್ಯತ್ಯಾಸಕ್ಕೆ ಕಡಲ ಸೌತೆಯ ಇತಿಹಾಸ ಉತ್ತಮ ನಿದರ್ಶನ. ತಮಿಳುನಾಡಿನ ಮನ್ನಾರ್ ಕೊಲ್ಲಿ ಹಾಗೂ ಪಾಕ್ ಕೊಲ್ಲಿಯ ಮುಳುಗು ಮೀನುಗಾರರು ಇದನ್ನು ಸಂಗ್ರಹಿಸಿ ಒಣಗಿಸಿ ರಫ್ತಿಗೆ ನೀಡುತ್ತಿದ್ದರು. 1982ರಲ್ಲಿ ಕೇಂದ್ರ ಸರ್ಕಾರವು 3 ಅಂಗುಲಕ್ಕಿಂತ ಚಿಕ್ಕದಾದ ಸಂಸ್ಕರಿತ ಕಡಲ ಸೌತೆಯ ರಫ್ತನ್ನು ನಿಷೇಧಿಸಿತು. ಇದು ಮೀನುಗಾರಿಕೆ ನಿರ್ವಹಣೆಯ ಕ್ರಮ: ಮರಿಯನ್ನು ಬಿಡಿ, ಬಲಿತದ್ದನ್ನು ಹಿಡಿಯಿರಿ ಎಂಬ ಮಾರ್ಗ. 2001ರಲ್ಲಿ ಕಡಲ ಸೌತೆಗಳನ್ನು ವನ್ಯಜೀವಿ ಕಾಯ್ದೆಯ ಅನುಸೂಚಿಗೆ ಸೇರಿಸಿದಾಗ ಗಾತ್ರದ ಪ್ರಶ್ನೆಯೇ ಉಳಿಯಲಿಲ್ಲ. ಸಂಗ್ರಹಣೆ ಪೂರ್ಣವಾಗಿ ನಿಷಿದ್ಧವಾಯಿತು. ಜೀವಿಯೊಂದು ಅನುಸೂಚಿಗೆ ಸೇರಿತೆಂದರೆ ಅದು ಮೀನುಗಾರಿಕೆಯ ಲೆಕ್ಕದಿಂದ ಹೊರಗೆ ಹೋಯಿತೆಂದೇ ಅರ್ಥ.

2. ಅನುಸೂಚಿಗಳು ಮತ್ತು ನಮ್ಮ ಕಡಲಿನ ರಕ್ಷಿತ ಜೀವಿಗಳು

2022ರಲ್ಲಿ ತಿದ್ದುಪಡಿಗೊಂಡ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ನಾಲ್ಕು ಅನುಸೂಚಿಗಳಿವೆ.

• ಅನುಸೂಚಿ 1: ಅತ್ಯುನ್ನತ ರಕ್ಷಣೆ ಪಡೆದ ಪ್ರಾಣಿಗಳು.
• ಅನುಸೂಚಿ 2: ರಕ್ಷಿತ ಪ್ರಾಣಿಗಳು, ಶಿಕ್ಷೆಯ ಪ್ರಮಾಣ ಅನುಸೂಚಿ 1ಕ್ಕಿಂತ ಕಡಿಮೆ.
• ಅನುಸೂಚಿ 3: ರಕ್ಷಿತ ಸಸ್ಯಗಳು.
• ಅನುಸೂಚಿ 4: ಅಂತರರಾಷ್ಟ್ರೀಯ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದದ ಪಟ್ಟಿಗಳಲ್ಲಿರುವ ಜೀವಿಗಳು.

ನಮ್ಮ ಕರಾವಳಿಯಲ್ಲಿ ಬಲೆಗೆ ಸಿಲುಕುವ ಸಾಧ್ಯತೆಯುಳ್ಳ ಮುಖ್ಯ ರಕ್ಷಿತ ಜೀವಿಗಳು ಹೀಗಿವೆ.

• ಕಡಲಾಮೆಗಳು. ಇವುಗಳಲ್ಲಿ ಆಲಿವ್ ರಿಡ್ಲಿ ಆಮೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳ ಮರಳು ದಂಡೆಗಳಲ್ಲಿ ಮೊಟ್ಟೆ ಇಡುತ್ತದೆ.
• ಡಾಲ್ಫಿನ್‌ಗಳು ಹಾಗೂ ತಿಮಿಂಗಿಲಗಳು.
• ತಿಮಿಂಗಿಲ ಶಾರ್ಕ್. ಚುಕ್ಕೆಗಳುಳ್ಳ ಈ ಬೃಹತ್ ಮೀನಿಗೆ 2001ರ ಮೇ ತಿಂಗಳಿನಿಂದ ರಕ್ಷಣೆ ಇದೆ.
• ಗರಗಸ ಮೀನುಗಳು ಹಾಗೂ ಶಾರ್ಕ್, ತೊರಕೆ, ಗಿಟಾರ್ ಮೀನುಗಳ ನಿರ್ದಿಷ್ಟ ಪ್ರಭೇದಗಳು.
• ಕಡಲ್ಕುದುರೆಗಳು. ಟ್ರಾಲ್ ಬಲೆಯಲ್ಲಿ ಚಿಲ್ಲರೆ ಮೀನಿನೊಡನೆ ಬೆರೆತು ಬರುವುದರಿಂದ ಇವು ಗಮನಕ್ಕೆ ಬಾರದೆ ಮೀನುಹುಡಿ ಕಾರ್ಖಾನೆಯ ರಾಶಿಗೆ ಸೇರುವ ಸಂಭವ ಹೆಚ್ಚು.
• ಕಡಲ ಸೌತೆಗಳು, ಹವಳಗಳು, ಕೆಲವು ಜಾತಿಯ ಶಂಖ ಮತ್ತು ಚಿಪ್ಪುಜೀವಿಗಳು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, 2022ರ ಹಿಂದಿನ ಭಿತ್ತಿಪತ್ರ ಹಾಗೂ ಕೈಪಿಡಿಗಳನ್ನು ಆಧರಿಸಬೇಡಿ; ತಿದ್ದುಪಡಿಯಲ್ಲಿ ಪಟ್ಟಿಗಳು ಮರುರಚನೆಗೊಂಡಿವೆ. ಎರಡನೆಯದು, ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯನ್ನೂ ಕಾಯ್ದೆಯ ಅನುಸೂಚಿಯನ್ನೂ ಒಂದೇ ಎಂದು ಭಾವಿಸಬೇಡಿ. ಕೆಂಪು ಪಟ್ಟಿಯು ಜೀವಿಯ ಸ್ಥಿತಿಯ ಬಗೆಗಿನ ವೈಜ್ಞಾನಿಕ ಮೌಲ್ಯಮಾಪನ. ಕಾವೇರಿಯ ಡುಬ್ಬ ಮಹಶೀರ್ ಮೀನು 2018ರಲ್ಲಿ ಆ ಪಟ್ಟಿಯ ‘ಅತೀವ ಅಪಾಯದಲ್ಲಿರುವ’ ವರ್ಗಕ್ಕೆ ಸೇರಿತು. ಅಂತಹ ಗುರುತು ಸಂರಕ್ಷಣೆಗೆ ದಾರಿ ತೋರುತ್ತದೆ. ಆದರೆ ಶಿಕ್ಷೆಗೆ ಆಧಾರವಾಗುವುದು ಕಾಯ್ದೆಯ ಅನುಸೂಚಿ ಮಾತ್ರ.

3. ಕಾಯ್ದೆಯ ಮುಖ್ಯ ಕಲಂಗಳು

ಕಲಂ 2ರ ವ್ಯಾಖ್ಯೆಯಂತೆ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬಲೆಗೆ ಬೀಳಿಸುವುದು, ಗಾಯಗೊಳಿಸುವುದು, ಸರೀಸೃಪ ಮತ್ತು ಪಕ್ಷಿಗಳ ಮೊಟ್ಟೆಗೆ ಹಾನಿ ಮಾಡುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಕಡಲಾಮೆಯ ಮೊಟ್ಟೆ ಅಗೆಯುವುದು ಈ ವ್ಯಾಖ್ಯೆಯೊಳಗೆ ಬರುತ್ತದೆ.

ಕಲಂ 9 ಅನುಸೂಚಿತ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ.

ಕಲಂ 39ರಂತೆ ಬೇಟೆಯಾದ ಅಥವಾ ಸತ್ತು ಸಿಕ್ಕ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅಂತಹ ಪ್ರಾಣಿ ಯಾವುದೇ ರೀತಿಯಲ್ಲಿ ನಿಮ್ಮ ವಶಕ್ಕೆ ಬಂದರೆ 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ದಡಕ್ಕೆ ತೇಲಿಬರುವ ‘ತಿಮಿಂಗಿಲದ ವಾಂತಿ’ ಎಂದು ಕರೆಯಲಾಗುವ ಅಂಬರ್‌ಗ್ರಿಸ್‌ನ ವಿಷಯದಲ್ಲೂ ಎಚ್ಚರ ವಹಿಸಿ. ಅದನ್ನು ಇಟ್ಟುಕೊಳ್ಳುವುದು, ಮಾರಲು ಯತ್ನಿಸುವುದು ಅಪರಾಧವಾಗುತ್ತದೆ. ದೊಡ್ಡ ಮೊತ್ತದ ಆಸೆ ತೋರಿಸುವ ಮಧ್ಯವರ್ತಿಗಳ ಮಾತಿಗೆ ಮರುಳಾಗದೆ ಕೂಡಲೇ ಮಾಹಿತಿ ನೀಡಿ.

ಕಲಂ 50ರಂತೆ ಅಧಿಕಾರಿಗಳು ದೋಣಿ, ಬಲೆ, ವಾಹನಗಳನ್ನು ತಪಾಸಣೆ ಮಾಡಿ ಜಪ್ತಿ ಮಾಡಬಹುದು. ಕಲಂ 57ರಂತೆ ಜೀವಿ ಅಥವಾ ಅದರ ಭಾಗ ನಿಮ್ಮ ವಶದಲ್ಲಿತ್ತೆಂದು ಸಿದ್ಧವಾದರೆ, ಆ ವಶ ಕಾನೂನುಬಾಹಿರವಲ್ಲವೆಂದು ತೋರಿಸುವ ಹೊಣೆ ನಿಮ್ಮದಾಗುತ್ತದೆ.

ಕಲಂ 51ರ ಶಿಕ್ಷೆಗಳು ಹೀಗಿವೆ: ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅನುಸೂಚಿ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ. ಹೀಗೆ ಕನಿಷ್ಠ ಸೆರೆವಾಸ ನಿಗದಿಯಾಗಿರುವ ಅಪರಾಧಗಳನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿಲ್ಲ.

ಮೀನುಗಾರರ ಮುಖ್ಯ ಸಂದೇಹ ಒಂದೇ: “ನಾವು ಬೇಕೆಂದು ಹಿಡಿಯಲಿಲ್ಲ, ತಾನಾಗಿ ಬಲೆಗೆ ಬಿದ್ದಿತು, ಇದೂ ಅಪರಾಧವೇ?” ಅಮೆರಿಕದ ಅಳಿವಿನಂಚಿನ ಪ್ರಭೇದಗಳ ಕಾಯ್ದೆ, 1973ರಲ್ಲಿ ಇಂತಹ ಅಕಸ್ಮಾತ್ ಹಿಡಿತಕ್ಕೆ ಷರತ್ತುಬದ್ಧ ಅನುಮತಿ ನೀಡುವ ವ್ಯವಸ್ಥೆ ಇದೆ. ನಮ್ಮ ಕಾಯ್ದೆಯಲ್ಲಿ ಮೀನುಗಾರರಿಗೆ ಅಂತಹ ಪ್ರತ್ಯೇಕ ಅನುಮತಿ ಇಲ್ಲ. ಆದುದರಿಂದ ಜೀವಿ ಬಲೆಯಲ್ಲಿ ಕಂಡ ನಂತರ ನೀವು ಏನು ಮಾಡಿದಿರಿ ಎಂಬುದೇ ನಿಮ್ಮ ಸದುದ್ದೇಶಕ್ಕೆ ಸಾಕ್ಷಿ. ಜೀವಂತ ಜೀವಿಯನ್ನು ಅಲ್ಲಿಯೇ ಕಡಲಿಗೆ ಬಿಟ್ಟವರ ಸ್ಥಿತಿಗೂ, ಅದನ್ನು ದಡಕ್ಕೆ ತಂದು ಹರಾಜಿಗಿಟ್ಟವರ ಸ್ಥಿತಿಗೂ ಬಹಳ ಅಂತರವಿದೆ.

4. ಪಟ್ಟಿ ರೂಪುಗೊಳ್ಳುವ ಬಗೆ: 2001ರ ಪಾಠ

2001ರ ಜುಲೈನಲ್ಲಿ ಕೇಂದ್ರ ಸರ್ಕಾರವು ಎಲ್ಲ ಶಾರ್ಕ್ ಮತ್ತು ತೊರಕೆ ಜಾತಿಗಳನ್ನು ಒಟ್ಟಾಗಿ ಅನುಸೂಚಿ 1ಕ್ಕೆ ಸೇರಿಸಿತು. ದೇಶದ ಎಲ್ಲ ಬಂದರುಗಳಲ್ಲಿ ದಿನನಿತ್ಯ ಇಳಿಯುವ, ಬಡವರ ಊಟಕ್ಕೂ ಒಣಮೀನಿನ ವ್ಯಾಪಾರಕ್ಕೂ ಆಧಾರವಾದ ಮೀನುಗಳು ಒಂದೇ ದಿನದಲ್ಲಿ ನಿಷಿದ್ಧವಾದವು. ಮೀನುಗಾರರಿಂದ ತೀವ್ರ ಆಕ್ಷೇಪ ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆದೇಶ ಪರಿಷ್ಕೃತವಾಗಿ, ತಿಮಿಂಗಿಲ ಶಾರ್ಕ್ ಮತ್ತು ಗರಗಸ ಮೀನುಗಳೂ ಸೇರಿ 10 ಪ್ರಭೇದಗಳಿಗೆ ಮಾತ್ರ ರಕ್ಷಣೆ ಸೀಮಿತವಾಯಿತು. ಅನಂತರ 2015ರಲ್ಲಿ ಎಲ್ಲ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಷೇಧಿಸಲಾಯಿತು. 2022ರಲ್ಲಿ ಸೈಟ್ಸ್ ಒಪ್ಪಂದದ ಸಭೆಯು ಇನ್ನೂ ಅನೇಕ ಶಾರ್ಕ್ ಹಾಗೂ ಗಿಟಾರ್ ಮೀನುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಿತು.

ಇದರಿಂದ ಮೀನುಗಾರರು ಕಲಿಯಬೇಕಾದ ಪಾಠ ಸ್ಪಷ್ಟ. ‘ಶಾರ್ಕ್’ ಅಥವಾ ‘ತೊರಕೆ’ ಎಂದು ಒಟ್ಟಾಗಿ ಬರೆದ ಲೆಕ್ಕದಿಂದ ಯಾವ ಪ್ರಭೇದ ಕುಸಿದಿದೆ, ಯಾವುದು ಸುಸ್ಥಿತಿಯಲ್ಲಿದೆ ಎಂಬುದು ತಿಳಿಯದು. ಮಾಹಿತಿ ಇಲ್ಲದಲ್ಲಿ ಸರ್ಕಾರದ ಮುಂದೆ ಉಳಿಯುವ ಮಾರ್ಗಗಳು ಎರಡೇ: ಎಲ್ಲವನ್ನೂ ನಿಷೇಧಿಸುವುದು ಅಥವಾ ಎಲ್ಲವನ್ನೂ ಬಿಡುವುದು. ಮೊದಲನೆಯದರಿಂದ ಮೀನುಗಾರರಿಗೆ ನಷ್ಟ. ಎರಡನೆಯದರಿಂದ ಪ್ರಭೇದಕ್ಕೂ, ಮುಂದೆ ಮೀನುಗಾರರಿಗೂ ನಷ್ಟ. ಪ್ರಭೇದವಾರು ದಾಖಲೆ ಇದ್ದಲ್ಲಿ ಮಾತ್ರ ನ್ಯಾಯಯುತವಾದ ಪಟ್ಟಿ ರೂಪುಗೊಳ್ಳುತ್ತದೆ.

5. ಕಡಲಾಮೆ ಮತ್ತು ಸಿಗಡಿ ಮಾರುಕಟ್ಟೆ

ಬೇರೆ ದೇಶದ ಅಳಿವಿನಂಚಿನ ಜೀವಿಗಳ ಕಾನೂನು ಕೂಡ ನಮ್ಮ ಬಂದರಿನ ದರವನ್ನು ಪ್ರಭಾವಿಸಬಲ್ಲದು. ಕಡಲಾಮೆ ಉಸಿರಾಟಕ್ಕಾಗಿ ನೀರಿನ ಮೇಲೆ ಬರಲೇಬೇಕು. ಗಂಟೆಗಟ್ಟಲೆ ಎಳೆಯುವ ಟ್ರಾಲ್ ಬಲೆಯಲ್ಲಿ ಸಿಲುಕಿದ ಆಮೆ ಉಸಿರುಕಟ್ಟಿ ಸಾಯುತ್ತದೆ. ಈ ಕಾರಣದಿಂದ ಅಮೆರಿಕವು ತನ್ನ ಅಳಿವಿನಂಚಿನ ಪ್ರಭೇದಗಳ ಕಾಯ್ದೆಯಡಿ ಸಿಗಡಿ ಟ್ರಾಲ್ ಬಲೆಗಳಿಗೆ ಆಮೆ ಹೊರಬಿಡುವ ಸಾಧನವನ್ನು (ಟಿಇಡಿ) ಕಡ್ಡಾಯಗೊಳಿಸಿತು. 1989ರ ಇನ್ನೊಂದು ಕಾನೂನಿನ ಮೂಲಕ, ಆಮೆಗಳಿಗೆ ಸಮಾನ ರಕ್ಷಣೆ ಇಲ್ಲದ ದೇಶಗಳ ಕಡಲ ಸಿಗಡಿಯ ಆಮದನ್ನೂ ನಿರ್ಬಂಧಿಸಿತು.

ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್‌ಗಳು ಇದನ್ನು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿದವು. 1998ರಲ್ಲಿ ಮೇಲ್ಮನವಿ ಮಂಡಳಿಯು ಆಮೆಗಳ ರಕ್ಷಣೆಯ ಉದ್ದೇಶ ಸರಿಯಾದುದೆಂದೂ, ಅದನ್ನು ಜಾರಿಗೊಳಿಸಿದ ರೀತಿ ತಾರತಮ್ಯದಿಂದ ಕೂಡಿದೆಯೆಂದೂ ಹೇಳಿತು. ಅಮೆರಿಕವು ಜಾರಿಯ ವಿಧಾನವನ್ನು ಬದಲಿಸಿತು, ನಿರ್ಬಂಧ ಉಳಿಯಿತು. 2019ರಲ್ಲಿ ಭಾರತದ ಕಡಲಲ್ಲಿ ಹಿಡಿದ ಸಿಗಡಿಗೆ ಆ ಮಾರುಕಟ್ಟೆಯ ಬಾಗಿಲು ಮುಚ್ಚಿತು.

ಟಿಇಡಿ ಎಂದರೆ ಬಲೆಯ ತುದಿಚೀಲದ ಮುಂಭಾಗದಲ್ಲಿ ಓರೆಯಾಗಿ ಅಳವಡಿಸುವ ಲೋಹದ ಸರಳುಗಳ ಚೌಕಟ್ಟು. ಸಿಗಡಿ ಮತ್ತು ಮೀನು ಸರಳುಗಳ ನಡುವೆ ನುಸುಳಿ ಚೀಲ ಸೇರುತ್ತವೆ. ಆಮೆ ಸರಳಿಗೆ ತಾಗಿ ಜಾರುತ್ತಾ ಮುಚ್ಚಳದ ದ್ವಾರದಿಂದ ಹೊರಹೋಗುತ್ತದೆ. ಅಮೆರಿಕದ ನಿಯಮದಂತೆ ಸರಳುಗಳ ನಡುವಿನ ಅಂತರ 4 ಅಂಗುಲ ಮೀರಬಾರದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯು ಭಾರತೀಯ ಬಲೆಗಳಿಗೆ ಹೊಂದುವ ಟಿಇಡಿಯನ್ನು ಅಭಿವೃದ್ಧಿಪಡಿಸಿದೆ. ಸಂಸ್ಥೆಯ ಪ್ರಯೋಗಗಳಲ್ಲಿ ಸಿಗಡಿಯ ನಷ್ಟ ಶೇಕಡಾ 1ಕ್ಕಿಂತ ಕಡಿಮೆ ಇತ್ತು. ಚೌಕಟ್ಟಿನ ಓರೆ ಮತ್ತು ಮುಚ್ಚಳದ ಹೊಲಿಗೆ ಸರಿಯಿಲ್ಲದಿದ್ದರೆ ನಷ್ಟ ಹೆಚ್ಚುತ್ತದೆ. ಆದುದರಿಂದ ತರಬೇತಿ ಪಡೆದವರಿಂದಲೇ ಅಳವಡಿಸಿಕೊಳ್ಳಿ.

ಸಿಗಡಿ ಕೃಷಿಕರ ಗಮನಕ್ಕೆ: ಈ ನಿರ್ಬಂಧ ಕೊಳದಲ್ಲಿ ಸಾಕಿದ ಸಿಗಡಿಗೆ ಅನ್ವಯಿಸುವುದಿಲ್ಲ. ಆದರೆ ಸಾಕಿದ ಸಿಗಡಿಯೊಡನೆ ಕಡಲ ಸಿಗಡಿ ಬೆರೆತಲ್ಲಿ ಇಡೀ ಸರಕು ತಿರಸ್ಕೃತವಾಗಬಹುದು. ಮರಿ ಖರೀದಿಯಿಂದ ಕಟಾವಿನವರೆಗಿನ ದಾಖಲೆಗಳನ್ನು ಕೊಳವಾರು ಕಾಪಾಡಿಕೊಳ್ಳಿ.

6. ರಕ್ಷಿತ ಜೀವಿ ಬಲೆಯಲ್ಲಿ ಸಿಕ್ಕಾಗ ಅನುಸರಿಸಬೇಕಾದ ಕ್ರಮಗಳು

ಅ) ಎಂಜಿನ್ ನಿಧಾನಗೊಳಿಸಿ, ಎಳೆಯುವುದನ್ನು ನಿಲ್ಲಿಸಿ. ದೊಡ್ಡ ಜೀವಿಯಾದರೆ ದೋಣಿಗೆ ಎತ್ತದೆ ನೀರಿನಲ್ಲಿರುವಾಗಲೇ ಬಲೆ ಕತ್ತರಿಸಿ ಬಿಡಿಸಿ. ತಿಮಿಂಗಿಲ ಶಾರ್ಕ್‌ಅನ್ನು ಹಗ್ಗ ಕಟ್ಟಿ ದಡಕ್ಕೆ ಎಳೆದು ತರಬಾರದು.

ಆ) ಶಾರ್ಕ್, ತೊರಕೆಗಳನ್ನು ಬಾಲ ಹಿಡಿದು ಎತ್ತಬೇಡಿ, ಕಿವಿರಿಗೆ ಕೊಕ್ಕೆ ಹಾಕಬೇಡಿ. ಗರಗಸ ಮೀನಿನ ಮೂತಿಯನ್ನು ಕಡಿಯದೆ, ಅದಕ್ಕೆ ಸುತ್ತಿಕೊಂಡ ಬಲೆಯನ್ನು ಕತ್ತರಿಸಿ.

ಇ) ಚುರುಕಾಗಿರುವ ಆಮೆಯನ್ನು ಎಂಜಿನ್‌ನ ಗೇರ್ ತೆಗೆದು, ಬಲೆ ನೀರಿನಲ್ಲಿಲ್ಲದಾಗ ಮೆಲ್ಲನೆ ನೀರಿಗೆ ಬಿಡಿ.

ಈ) ಚಲನೆ ಇಲ್ಲದ ಆಮೆ ಸತ್ತಿದೆಯೆಂದು ತಕ್ಷಣ ತೀರ್ಮಾನಿಸಬೇಡಿ, ನೀರು ಕುಡಿದು ಪ್ರಜ್ಞೆ ತಪ್ಪಿರಬಹುದು. ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗವನ್ನು ಕನಿಷ್ಠ 6 ಅಂಗುಲ ಎತ್ತರಿಸಿ, ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿಡಿ. ಮೂಗಿನ ಹೊಳ್ಳೆ ಮುಚ್ಚದಿರಲಿ. ಕನಿಷ್ಠ 4 ಗಂಟೆ, ಅಗತ್ಯವಿದ್ದರೆ 24 ಗಂಟೆಯವರೆಗೆ ಕಾಯಿರಿ. ಚೇತರಿಸಿದ ಬಳಿಕ ಬಿಡಿ. ಬೆನ್ನು ಕೆಳಗಾಗಿ ಮಲಗಿಸಬಾರದು, ಎದೆಯನ್ನು ಒತ್ತಬಾರದು.

ಉ) ಜೀವಿ ಸತ್ತಿದ್ದರೆ ಕತ್ತರಿಸುವುದು, ಮಾರುವುದು, ಮನೆಗೆ ಒಯ್ಯುವುದು, ಅದರ ಯಾವುದೇ ಭಾಗವನ್ನು ಇಟ್ಟುಕೊಳ್ಳುವುದು ಸಲ್ಲದು. ಅರಣ್ಯ ಇಲಾಖೆಗೆ ತಿಳಿಸಿ, ಅವರ ಸೂಚನೆಯಂತೆ ನಡೆಯಿರಿ. ಅರಣ್ಯ ಸಹಾಯವಾಣಿ ಸಂಖ್ಯೆ 1926.

ಊ) ದಿನಾಂಕ, ಸಮಯ, ಸ್ಥಳದ ಜಿಪಿಎಸ್ ಗುರುತು, ಬಲೆಯ ವಿಧ, ಜೀವಿಯ ಹೆಸರು, ಬಿಟ್ಟಾಗಿನ ಸ್ಥಿತಿ ಇವನ್ನು ದೋಣಿಯ ಪುಸ್ತಕದಲ್ಲಿ ಬರೆದಿಡಿ. ಬಿಡುಗಡೆಗೆ ತಡವಾಗದಂತೆ ಮೊಬೈಲ್‌ನಲ್ಲಿ ಚಿತ್ರ ತೆಗೆಯಿರಿ. ಆಮೆಯ ಮೇಲೆ ಕುಳಿತು, ಮೀನನ್ನು ಎತ್ತಿ ಹಿಡಿದು ಚಿತ್ರ ತೆಗೆದುಕೊಳ್ಳುವುದು ನಿಮಗೇ ಪ್ರತಿಕೂಲ ಸಾಕ್ಷ್ಯವಾದೀತು.

7. ಕತ್ತರಿಸಿದ ಬಲೆಯ ನಷ್ಟ ಯಾರದು?

ಬಲೆ ಕತ್ತರಿಸಿ ಜೀವಿಯನ್ನು ಬಿಡುವಾಗ ನಷ್ಟ ಮೀನುಗಾರರದೇ. ಈ ಭಾರವನ್ನು ಒಬ್ಬರ ಮೇಲೆ ಹೊರಿಸಿದರೆ ಕಾನೂನು ಕಾಗದದಲ್ಲಿ ಉಳಿಯುತ್ತದೆ. ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ಹಿಂದೆ ತಿಮಿಂಗಿಲ ಶಾರ್ಕ್‌ಅನ್ನು ಅದರ ಯಕೃತ್ತಿನ ಎಣ್ಣೆಗಾಗಿ ಬೇಟೆಯಾಡುತ್ತಿದ್ದರು. ಎಣ್ಣೆಯನ್ನು ದೋಣಿಯ ಮರಕ್ಕೆ ಹಚ್ಚುತ್ತಿದ್ದರು. 2004ರಲ್ಲಿ ಅಲ್ಲಿ ಆರಂಭವಾದ ಅಭಿಯಾನವು ಜನಜಾಗೃತಿಯ ಜೊತೆಗೆ ಬಲೆಯ ಹಾನಿಗೆ ಪರಿಹಾರವನ್ನೂ ಒದಗಿಸಿತು. ಬಿಡುಗಡೆಯ ಚಿತ್ರವನ್ನು ಮೀನುಗಾರರೇ ತೆಗೆದು ಸಲ್ಲಿಸುವ ಕ್ರಮ ರೂಢಿಗೆ ಬಂದಿತು. ಬೇಟೆಗಾರರಾಗಿದ್ದವರೇ ರಕ್ಷಕರಾದರು. ಮಹಾರಾಷ್ಟ್ರವೂ 2018ರಲ್ಲಿ ರಕ್ಷಿತ ಜೀವಿಗಳ ಬಿಡುಗಡೆಗೆ ಬಲೆಹಾನಿ ಪರಿಹಾರ ಯೋಜನೆಯನ್ನು ಆರಂಭಿಸಿತು.

ನಿಮ್ಮ ಬಂದರಿನಲ್ಲಿ ಇಂತಹ ಸೌಲಭ್ಯದ ಬಗ್ಗೆ ಮೀನುಗಾರಿಕೆ ಉಪನಿರ್ದೇಶಕರ ಹಾಗೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಸಹಕಾರ ಸಂಘದ ಮೂಲಕ ಬೇಡಿಕೆ ಸಲ್ಲಿಸುವಾಗ ಮೇಲೆ ಹೇಳಿದ ದೋಣಿ ಪುಸ್ತಕದ ದಾಖಲೆಗಳೇ ಬಲವಾದ ಆಧಾರ.

8. ಸಂರಕ್ಷಿತ ಜಲಪ್ರದೇಶಗಳು

ವನ್ಯಜೀವಿಧಾಮಗಳಲ್ಲಿ ಪ್ರಭೇದದ ಜೊತೆಗೆ ಸ್ಥಳವೂ ಮುಖ್ಯವಾಗುತ್ತದೆ. ಕಾವೇರಿ ವನ್ಯಜೀವಿಧಾಮದಂತಹ ಪ್ರದೇಶಗಳ ನೀರಿನಲ್ಲಿ, ಮೀನು ಅನುಸೂಚಿಯಲ್ಲಿ ಇರಲಿ ಇಲ್ಲದಿರಲಿ, ಅನುಮತಿ ಇಲ್ಲದೆ ಹಿಡಿಯುವಂತಿಲ್ಲ. ಕರಾವಳಿಯಲ್ಲಿ ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ-ಮುಗಳಿ ಪ್ರದೇಶವನ್ನು ಸಾಗರ ವನ್ಯಜೀವಿಧಾಮವಾಗಿ ಗುರುತಿಸಲಾಗಿದೆ.

ಇಲ್ಲಿ ಮೀನುಗಾರರ ಹಕ್ಕಿಗೆ ಸಂಬಂಧಿಸಿದ ಒಂದು ಉಪಬಂಧವನ್ನು ತಿಳಿದಿರಿ. ಕಲಂ 26ಎ ಪ್ರಕಾರ, ಪ್ರಾದೇಶಿಕ ಜಲಭಾಗವನ್ನು ವನ್ಯಜೀವಿಧಾಮಕ್ಕೆ ಸೇರಿಸುವಾಗ ಕೇಂದ್ರ ಸರ್ಕಾರದ ಪೂರ್ವಸಮ್ಮತಿ ಬೇಕು. ಸ್ಥಳೀಯ ಮೀನುಗಾರರ ವೃತ್ತಿಹಿತವನ್ನು ರಕ್ಷಿಸಲು ಸಾಕಷ್ಟು ಕ್ರಮ ಕೈಗೊಂಡ ನಂತರವೇ ಎಲ್ಲೆಯನ್ನು ನಿರ್ಧರಿಸಬೇಕು. ಕೈರಂಪಣಿ, ಬೀಡುಬಲೆ, ನಾಡದೋಣಿಗಳ ಸಾಂಪ್ರದಾಯಿಕ ಬಳಕೆಯ ಸ್ಥಳ ಹಾಗೂ ಋತುಗಳ ಲಿಖಿತ ವಿವರ ಸಂಘದ ಬಳಿ ಇದ್ದರೆ ಈ ಹಕ್ಕನ್ನು ಮಂಡಿಸುವುದು ಸುಲಭ.

9. ಒಳನಾಡು ಮೀನು ಕೃಷಿಕರಿಗೆ ಸೂಚನೆಗಳು

ನದಿ ಹಾಗೂ ಜಲಾಶಯಗಳ ಬಳಿಯ ಮೀನು ಕೊಳಗಳಿಗೆ ನೀರುನಾಯಿ, ಮೊಸಳೆಗಳು ಬರುವುದುಂಟು. ಇವು ರಕ್ಷಿತ ಪ್ರಾಣಿಗಳು. ಕುಣಿಕೆ, ವಿಷ, ವಿದ್ಯುತ್ ತಂತಿಗಳ ಬಳಕೆ ಗಂಭೀರ ಅಪರಾಧವಾಗುವುದಲ್ಲದೆ ಮನುಷ್ಯರ ಪ್ರಾಣಕ್ಕೂ ಅಪಾಯಕಾರಿ. ಕೊಳದ ಸುತ್ತ ಬುಡವನ್ನು ಮಣ್ಣಿನಲ್ಲಿ ಹೂತ ಗಟ್ಟಿ ಜಾಲರಿ ಬೇಲಿ ಹಾಕುವುದು, ಸತ್ತ ಮೀನನ್ನು ಏರಿಯ ಮೇಲೆ ಎಸೆಯದಿರುವುದು ಪರಿಣಾಮಕಾರಿ. ಮೊಸಳೆ ಕಂಡಲ್ಲಿ ಸ್ವತಃ ಹಿಡಿಯಲು ಯತ್ನಿಸದೆ ಅರಣ್ಯ ಇಲಾಖೆಗೆ ತಿಳಿಸಿ.

ತುಂಗಭದ್ರಾ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಉದ್ದದ ಭಾಗ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಗಿದೆ. ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು ಎಲ್ಲೆಡೆಯೂ ನಿಷಿದ್ಧ; ಇಂತಹ ಪ್ರದೇಶದಲ್ಲಿ ಅದು ವನ್ಯಜೀವಿ ಅಪರಾಧವೂ ಆಗಬಹುದು.

10. ವಿಸ್ತರಣಾ ಕಾರ್ಯಕರ್ತರ ಪಾತ್ರ

• ರಕ್ಷಿತ ಪ್ರಭೇದಗಳ ಚಿತ್ರಸಹಿತ ಪಟ್ಟಿಯನ್ನು ಕನ್ನಡ, ತುಳು, ಕೊಂಕಣಿ ಹೆಸರುಗಳೊಂದಿಗೆ ಧಕ್ಕೆಯಲ್ಲಿ ಪ್ರದರ್ಶಿಸಿ. ಒಂದೇ ಹೆಸರಿನಿಂದ ಹಲವು ಪ್ರಭೇದಗಳನ್ನು ಕರೆಯುವ ರೂಢಿ ಇರುವುದರಿಂದ ಚಿತ್ರ ಹಾಗೂ ಗುರುತಿನ ಲಕ್ಷಣ ಕಡ್ಡಾಯವಾಗಿರಲಿ.
• ನಿಷೇಧದ ಜೂನ್-ಜುಲೈ ಅವಧಿಯಲ್ಲಿ ದೋಣಿಗಳು ದಡದಲ್ಲಿರುತ್ತವೆ. ಆಮೆಯ ಶುಶ್ರೂಷೆ, ಟಿಇಡಿ ಅಳವಡಿಕೆ, ದಾಖಲೆ ಬರೆಯುವ ತರಬೇತಿಗೆ ಇದೇ ಸೂಕ್ತ ಕಾಲ.
• ತಾಂಡೇಲರ ಜೊತೆಗೆ ಹೊರ ರಾಜ್ಯಗಳಿಂದ ಬಂದ ಕಾರ್ಮಿಕರಿಗೂ, ಮೀನು ವಿಂಗಡಿಸುವ ಹಾಗೂ ಒಣಗಿಸುವ ಮಹಿಳೆಯರಿಗೂ ಮಾಹಿತಿ ತಲುಪಲಿ. ಕಡಲ್ಕುದುರೆಯಂತಹ ಸಣ್ಣ ಜೀವಿಗಳು ಮೊದಲು ಕಣ್ಣಿಗೆ ಬೀಳುವುದು ವಿಂಗಡಿಸುವವರಿಗೆ.
• ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳ ಅಧಿಕಾರಿಗಳನ್ನು ಸಂಘದ ಸಭೆಗೆ ಒಟ್ಟಿಗೆ ಆಹ್ವಾನಿಸಿ. ಎರಡು ಕಾನೂನುಗಳ ನಡುವಿನ ಗೊಂದಲದಿಂದ ಹುಟ್ಟುವ ಬಹುಪಾಲು ಸಮಸ್ಯೆಗಳು ಮುಖಾಮುಖಿ ಮಾತುಕತೆಯಲ್ಲಿ ಪರಿಹಾರವಾಗಬಲ್ಲವು.
• ಪ್ರಭೇದದ ಗುರುತು ಖಚಿತವಾಗದಿದ್ದಲ್ಲಿ ಚಿತ್ರದೊಂದಿಗೆ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಅಥವಾ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ತಜ್ಞರನ್ನು ಸಂಪರ್ಕಿಸಿ.

ಸಾರಾಂಶ

ಅನುಸೂಚಿಯಲ್ಲಿರುವ ಜೀವಿಯನ್ನು ಗುರುತಿಸಿ. ಜೀವಂತವಿದ್ದರೆ ತಕ್ಷಣ ಬಿಡಿ. ಸತ್ತಿದ್ದರೆ ಮಾರದೆ ಮಾಹಿತಿ ನೀಡಿ. ಎರಡೂ ಸಂದರ್ಭಗಳಲ್ಲಿ ಬರೆದಿಡಿ. ದೋಣಿಯ ಪುಸ್ತಕದಲ್ಲಿ ಬರೆದ ನಾಲ್ಕು ಸಾಲುಗಳು ಮೊಕದ್ದಮೆಯ ಸಂದರ್ಭದಲ್ಲಿ ನಿಮ್ಮ ಸದುದ್ದೇಶಕ್ಕೆ ಸಾಕ್ಷಿಯಾಗುತ್ತವೆ, ಪರಿಹಾರದ ಬೇಡಿಕೆಗೆ ಆಧಾರವಾಗುತ್ತವೆ, ಮುಂದಿನ ಪಟ್ಟಿ ರೂಪುಗೊಳ್ಳುವಾಗ ಮೀನುಗಾರರ ಅನುಭವವನ್ನು ಸರ್ಕಾರದ ಮುಂದಿಡುತ್ತವೆ. ನಿರ್ದಿಷ್ಟ ಮೊಕದ್ದಮೆ ಅಥವಾ ಜಪ್ತಿಯ ಸಂದರ್ಭದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ನೆರವನ್ನು ಪಡೆಯಬಹುದು.